ಸಣ್ಣ ಸಾವಕಾರ

ವಯಸ್ಸಿನ ಚಿಂತೆಯು ಮುದುಕರ ಸೊತ್ತೆಂದು ಜನರ ಸಾಮಾನ್ಯವಾದ ಭಾವನೆ. ತಲೆಯಲ್ಲಿ ಮೊದಲ ನರೆಗೂದಲನ್ನು ಕಂಡವನ ಕಳವಳವನ್ನು ಕುರಿತು ಹಾಸ್ಯವಾಗಿಯೂ ಗಂಭೀರವಾಗಿಯೂ ಬೇಕಾದಷ್ಟು ಬರೆಹಗಳು ಬಂದಿವೆ. ಆದರೆ ಒಂದೆರಡು ನರೆಗೂದಲುಗಳು ಬೇಗನೆ ಬರಬಾರದೇ ಎಂದು ಕನ್ನಡಿಯ ಮುಂದೆ ನಿಂತು ಹಂಬಲಿಸುವವರೂ ಲೋಕದಲ್ಲಿ ಉಂಟು. ತನ್ನ ವಯಸ್ಸನ್ನು ಯಾರಾದರೂ ಕಂಡುಹಿಡಿದಾರೆಂಬ ಭಯ ಮುದುಕನಿಗಿರುವಂತೆ ಇವರಿಗೂ ಉಂಟು; ಭೇದವಿಷ್ಟೇ, ಒಬ್ಬನ ಲೆಕ್ಕದಲ್ಲಿ ವರ್ಷಗಳು ಹೆಚ್ಚಾಗಿವೆ, ಇನ್ನೊಬ್ಬನ ಲೆಕ್ಕದಲ್ಲಿ ಸಾಲದೆ ಬಂದಿವೆ. ಅಕಾಲದಲ್ಲಿ ತಂದೆಯ ಗಾದಿಯನ್ನೇರಿದ ಮಗ, ಸ್ವಸಾಹಸದಿಂದ ಒಂದು ಉದ್ಯಮವನ್ನು ಆರಂಭಿಸಿದ ತರುಣ ಅಥವಾ ತರುಣಿ, ಇವರೆಲ್ಲರೂ ಈ ಎರಡನೆಯ ಪಂಗಡಕ್ಕೆ ಸೇರಿದವರು. ಕವಿಗಳು ಯೌವನವನ್ನು ಎಷ್ಟೇ ಹೊಗಳಲಿ, ಪೇಟೆಯಲ್ಲಿ ಅದಕ್ಕೆ ಬೆಲೆ ಕಡಮೆ. ಹಣವನ್ನು ಕೊಡುವವನು ಮೊದಲು ನೋಡುವುದು ಎದುರಿಗೆ ಕುಳಿತವನ ಮುಖವನ್ನು; ಆ ಮುಖದಲ್ಲಿ ಗೆರೆಗಳಿಲ್ಲದಿದ್ದರೆ ಅವನ ಕೈ ಜೇಬಿನಲ್ಲಿಯೇ ಉಳಿಯುತ್ತದೆ.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಪೇಟೆಯನ್ನು ಸುಗ್ಗಿಯ ಕಾಲದಲ್ಲಿ ನೋಡಿದವರು ಅದನ್ನು ಸುಲಭವಾಗಿ ಮರೆಯಲಾರರು. ಪುಷ್ಯ ಮಾಘಗಳಲ್ಲಿ ನಾಲ್ಕು ದಿಕ್ಕಿನಿಂದಲೂ ಲಾರಿಗಳು ಬಂದು ಕೆಂಪು ಮೆಣಸಿನಕಾಯಿಯ ಚೀಲಗಳನ್ನು ಇಳಿಸುತ್ತವೆ. ಅಂಗಡಿಗಳ ಮುಂದೆ ಕಾಯಿ ರಾಶಿರಾಶಿಯಾಗಿ ಬಿದ್ದಿರುತ್ತದೆ. ಹೊಸಬನು ಬೀದಿಗೆ ಕಾಲಿಟ್ಟೊಡನೆಯೇ ಸೀನುತ್ತಾನೆ, ಹಳಬರು ನಗುತ್ತಾರೆ. ಸುಕ್ಕುಗಟ್ಟಿದ ಮೈಯ ಈ ಕಾಯಿಗೆ ಖಾರ ಕಡಮೆ, ಬಣ್ಣ ಹೆಚ್ಚು. ಡಬ್ಬಿಯೆಂದೂ ಕಡ್ಡಿಯೆಂದೂ ಇದರಲ್ಲಿ ಎರಡು ಬಗೆ. ಇದರಿಂದ ತೆಗೆದ ಬಣ್ಣವು ತಿನಿಸುಗಳಿಗೆ ಮಾತ್ರವಲ್ಲದೆ ತುಟಿಗೆ ಬಳಿಯುವ ರಂಗಿಗೂ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಇಲ್ಲಿಯ ವ್ಯಾಪಾರವು ನಿಂತಿರುವುದು ದಲಾಲಿ ಅಂಗಡಿಗಳ ಮೇಲೆ. ರೈತನು ತನ್ನ ಮಾಲನ್ನು ತಾನು ನಂಬಿದ ಅಂಗಡಿಗೆ ತಂದು ಹಾಕುತ್ತಾನೆ; ಖರೀದಿದಾರರು ಬಂದು ರಾಶಿಯನ್ನು ಕೈಯಲ್ಲಿ ಹಿಡಿದು ನೋಡಿ ಟೆಂಡರು ಬರೆಯುತ್ತಾರೆ; ಹೆಚ್ಚಿನ ದರಕ್ಕೆ ಮಾಲು ಹೋಗುತ್ತದೆ. ರೈತನಿಗೆ ಹಣ ಮುಟ್ಟಬೇಕಾದುದು ಅಂಗಡಿಯವನ ಕೈಯಿಂದ. ಅಂಗಡಿಯವನಿಗೆ ಬರಬೇಕಾದುದು ಖರೀದಿದಾರನಿಂದ. ಈ ಎರಡು ಕೈಗಳ ನಡುವೆ ಇರುವುದು ನಂಬಿಕೆಯೊಂದೇ.

ಇಂತಹ ಒಂದು ಅಂಗಡಿಯ ಗಾದಿಯ ಮೇಲೆ 2014ರ ಶ್ರಾವಣದಲ್ಲಿ 22 ವರ್ಷದ ಒಬ್ಬ ತರುಣನು ಕುಳಿತುಕೊಳ್ಳಬೇಕಾಯಿತು. ತಂದೆ ಮೂರು ದಿನದ ಬೇನೆಯಲ್ಲಿ ತೀರಿಕೊಂಡಿದ್ದರು. ಮಗನು ವಾಣಿಜ್ಯದಲ್ಲಿ ಪದವಿಯನ್ನು ಪಡೆದು, ಮುಂದೆ ಏನು ಓದಬೇಕೆಂದು ಯೋಚಿಸುತ್ತಿದ್ದನು. ಅಂಗಡಿಗೆ ಅವನು ಬರುತ್ತಿದ್ದುದು ತಂದೆಯ ಬುತ್ತಿಯನ್ನು ತಲಪಿಸುವುದಕ್ಕೆ ಮಾತ್ರ. ತಂದೆಯಿದ್ದಾಗ ಹಮಾಲರು ಅವನನ್ನು ಪ್ರೀತಿಯಿಂದ ‘ಸಣ್ಣ ಸಾವಕಾರ್ರು’ ಎಂದು ಕರೆಯುತ್ತಿದ್ದರು. ದೊಡ್ಡ ಸಾವಕಾರರು ಹೋದರು. ಆದರೆ ‘ಸಣ್ಣ’ ಎಂಬ ವಿಶೇಷಣ ಹೋಗಲಿಲ್ಲ. ಅಂದಿನವರೆಗೆ ಮುದ್ದಾಗಿದ್ದ ಆ ಮಾತು ಅಂದಿನಿಂದ ಮುಳ್ಳಾಯಿತು.

ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದ ಗುಮಾಸ್ತರೊಬ್ಬರಿದ್ದರು. ಹುಡುಗನು ಅವರನ್ನು ಕಾಕಾ ಎನ್ನುತ್ತಿದ್ದನು. ಅವರು ಮನೆಯಲ್ಲಿ ಅವನನ್ನು ತಮ್ಮಾ ಎಂದೂ ಅಂಗಡಿಯಲ್ಲಿ ಹತ್ತು ಜನರೆದುರಿಗೆ ಸಾವಕಾರ್ರ ಎಂದೂ ಕರೆಯುವ ಮರ್ಯಾದೆಯನ್ನು ತಾವಾಗಿಯೇ ಇಟ್ಟುಕೊಂಡರು. ಆದರೆ ಪರಸ್ಥಳದಿಂದ ಬಂದವರು ಬಾಗಿಲಲ್ಲಿ ನಿಂತು, ಗಾದಿಯ ಮೇಲೆ ಕುಳಿತವನನ್ನು ದಾಟಿ, ಮೂಲೆಯಲ್ಲಿದ್ದ ಕಾಕಾರ ಬಿಳಿಯ ತಲೆಗೆ ಕೈಮುಗಿಯುತ್ತಿದ್ದರು. “ತಮ್ಮಾ, ಯಜಮಾನರು ಎಲ್ಲಿಗೆ ಹೋಗ್ಯಾರ?” ಎಂದು ಕೇಳಿದವರಿಗೆ ಲೆಕ್ಕವಿಲ್ಲ. “ನಾನ ಯಜಮಾನ” ಎಂದು ಹೇಳಲು ಅವನಿಗೆ ನಾಚಿಕೆ; ಹೇಳದಿರಲು ಅವಮಾನ. ಹೇಳಿದ ಮೇಲೆ ಕೇಳಿದವರ ಮುಖದಲ್ಲಿ ಕ್ಷಣಕಾಲ ಮೂಡುತ್ತಿದ್ದ ಸಂಶಯವನ್ನು ನೋಡಿಯೂ ನೋಡದವನಂತಿರಲು ಅವನು ಬಹಳ ಕಷ್ಟಪಡುತ್ತಿದ್ದನು.

ಈ ವ್ಯಾಧಿಗೆ ಅವನು ಮಾಡಿಕೊಂಡ ಮದ್ದುಗಳು ಒಂದೆರಡಲ್ಲ. ಮೊದಲು ಮೀಸೆಯನ್ನು ಬೆಳೆಸಿದನು. ಅದು ಅವನ ಇಚ್ಛೆಗೆ ತಕ್ಕಂತೆ ದಟ್ಟವಾಗಲಿಲ್ಲ. ದೃಷ್ಟಿದೋಷವಿಲ್ಲದಿದ್ದರೂ ಕನ್ನಡಕವನ್ನು ಧರಿಸಿ ನೋಡಿದನು, ತಾಯಿ ನಕ್ಕಳು. ತಂದೆಯಂತೆ ಬಿಳಿಯ ಅಂಗಿಯನ್ನು ತೊಟ್ಟನು. ಕಡಮೆ ಮಾತಾಡುವುದು ಪ್ರೌಢರ ಲಕ್ಷಣವೆಂದು ತಿಳಿದು ಮೌನವನ್ನು ಅಭ್ಯಾಸ ಮಾಡಿದನು. ಇವೆಲ್ಲವೂ ನಿರಪಾಯಕರವಾದ ಮದ್ದುಗಳೇ. ಆದರೆ ಅವನು ಕಲಿತ ಇನ್ನೊಂದು ಅಭ್ಯಾಸವು ನಿರಪಾಯಕರವಾದುದಲ್ಲ: ತನಗೆ ತಿಳಿಯದುದನ್ನು ಅವನು ಯಾರನ್ನೂ ಕೇಳದಾದನು. ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಅದರ ತೇವವನ್ನು ಹೇಗೆ ಅಳೆಯುತ್ತಾರೆಂಬುದು ಅವನಿಗೆ ಗೊತ್ತಿರಲಿಲ್ಲ. ಆದರೂ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು, ತಲೆದೂಗಿ, ಕೆಳಗಿಡುತ್ತಿದ್ದನು. ಯಾವ ಖರೀದಿದಾರನಿಗೆ ಎಷ್ಟು ದಿನದ ಉದ್ರಿಯನ್ನು ಕೊಡಬಹುದೆಂಬುದು ಕಾಕಾರಿಗೆ ಬಾಯಿಪಾಠವಾಗಿತ್ತು. ಕೇಳಿದ್ದರೆ ಒಂದು ಸಂಜೆಯಲ್ಲಿ ಹೇಳಿಬಿಡುತ್ತಿದ್ದರು. ಆದರೆ ಕೇಳಿದರೆ ಹುಡುಗನೆಂಬುದನ್ನು ಒಪ್ಪಿಕೊಂಡಂತಾಗುವುದಿಲ್ಲವೇ?

ತನ್ನಂತೆಯೇ ಎಳೆಯ ವಯಸ್ಸಿನಲ್ಲಿ ಉದ್ಯಮದ ಭಾರವನ್ನು ಹೊತ್ತವರ ಕಥೆಗಳನ್ನು ಅವನು ರಾತ್ರಿ ಓದುತ್ತಿದ್ದನು. ಅಜೀಂ ಪ್ರೇಮ್‌ಜಿಯವರ ಕಥೆ ಅವನಿಗೆ ಬಹಳ ಪ್ರಿಯವಾದುದು. 1966ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ತಂದೆ ತೀರಿಕೊಂಡರೆಂಬ ಸುದ್ದಿ ಬಂದಿತು. ಮಹಾರಾಷ್ಟ್ರದ ಅಮಳನೇರಿನಲ್ಲಿ ವನಸ್ಪತಿ ಎಣ್ಣೆಯನ್ನು ತಯಾರಿಸುತ್ತಿದ್ದ ಸಂಸ್ಥೆಯ ಹೊಣೆಯನ್ನು ಅವರು 21ನೆಯ ವಯಸ್ಸಿನಲ್ಲಿ ವಹಿಸಿಕೊಂಡರು. ಪಾಲುದಾರರ ಸಭೆಯಲ್ಲಿ ಒಬ್ಬನು ಎದ್ದುನಿಂತು, ಅನುಭವವಿಲ್ಲದ ಈ ತರುಣನು ತನ್ನ ಪಾಲುಗಳನ್ನು ಮಾರಿ ಬೇರೆಯವರಿಗೆ ಸಂಸ್ಥೆಯನ್ನು ಬಿಟ್ಟುಕೊಡುವುದೇ ಲೇಸೆಂಬರ್ಥದಲ್ಲಿ ಮಾತನಾಡಿದನೆಂಬುದು ಪ್ರಸಿದ್ಧವಾಗಿದೆ. ಆ ಎಣ್ಣೆಯ ಸಂಸ್ಥೆಯೇ ಮುಂದೆ ವಿಪ್ರೋ ಎಂಬ ಹೆಸರಿನಿಂದ ಬೆಂಗಳೂರಿನಲ್ಲಿ ಗಣಕಯಂತ್ರಗಳ ಉದ್ಯಮವಾಗಿ ಬೆಳೆಯಿತು. ಹಾಗೆಯೇ ಕಿರಣ್ ಮಜುಂದಾರ್ ಅವರ ಕಥೆ. 1978ರಲ್ಲಿ, 25ನೆಯ ವಯಸ್ಸಿನಲ್ಲಿ, ಬೆಂಗಳೂರಿನ ಒಂದು ಬಾಡಿಗೆಯ ಮನೆಯ ಮೋಟಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ, 10,000 ರೂಪಾಯಿಗಳ ಮೂಲಧನದಿಂದ ಅವರು ಬಯೋಕಾನ್ ಸಂಸ್ಥೆಯನ್ನು ತೆರೆದರು. ಪರಂಗಿಯ ಕಾಯಿಯ ಹಾಲಿನಿಂದ ದೊರೆಯುವ ಪಪೇನ್ ಎಂಬ ಕಿಣ್ವವನ್ನು ತೆಗೆಯುವುದು ಅವರ ಮೊದಲ ಉದ್ಯೋಗಗಳಲ್ಲೊಂದು. ಎಳೆಯ ವಯಸ್ಸು, ಹೆಣ್ಣುಜನ್ಮ, ಯಾರೂ ಕಂಡುಕೇಳದ ಉದ್ಯಮ, ಈ ಮೂರೂ ಕೂಡಿದುದರಿಂದ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದುವು.

ಈ ಕಥೆಗಳನ್ನು ಓದಿದಾಗ ತರುಣನ ಎದೆ ಉಬ್ಬುತ್ತಿದ್ದಿತು. ಆದರೆ ಮನುಷ್ಯನು ತನಗೆ ಬೇಕಾದುದನ್ನೇ ಓದಿಕೊಳ್ಳುತ್ತಾನೆ. ಅವರು ಚಿಕ್ಕವರಾಗಿದ್ದರೂ ಗೆದ್ದರೆಂಬುದು ಅವನಿಗೆ ಕಂಡಿತು. ಗೆಲ್ಲುವ ಮೊದಲು ಅವರು ಏನೇನನ್ನು ಕಲಿತರೆಂಬುದು ಕಾಣಲಿಲ್ಲ. ಕಿರಣ್ ಅವರು ಮದ್ಯವನ್ನು ಹುದುಗಿಸುವ ಶಾಸ್ತ್ರವನ್ನು ಆಸ್ಟ್ರೇಲಿಯಕ್ಕೆ ಹೋಗಿ ಕ್ರಮವಾಗಿ ಅಭ್ಯಾಸ ಮಾಡಿ, ಕಿಣ್ವಗಳ ವಿಷಯವನ್ನು ಬಲ್ಲವರಾಗಿಯೇ ಆ ಕೊಟ್ಟಿಗೆಯನ್ನು ಹೊಕ್ಕಿದ್ದರು. ಮತ್ತು ಅವರ ಮೊದಲ ನೌಕರನು ಕೆಲಸದಿಂದ ನಿವೃತ್ತನಾಗಿದ್ದ ಒಬ್ಬ ಮೋಟಾರು ಮೆಕ್ಯಾನಿಕನು. ಪ್ರೇಮ್‌ಜಿಯವರು ಅರ್ಧಕ್ಕೆ ಬಿಟ್ಟುಬಂದ ಓದನ್ನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟ ಕಾಲದ ತರುವಾಯ ಪೂರೈಸಿ ಪದವಿಯನ್ನು ಪಡೆದರು. ಇನ್ನೂ ಕಲಿಯುವುದಿದೆಯೆಂದು ಒಪ್ಪಿಕೊಳ್ಳಲು ಅಷ್ಟು ದೊಡ್ಡ ಉದ್ಯಮಪತಿಗೆ ನಾಚಿಕೆಯಾಗಲಿಲ್ಲ. ಬ್ಯಾಡಗಿಯ ತರುಣನಿಗಾದರೋ ಮೂಲೆಯಲ್ಲಿ ಕುಳಿತ ಕಾಕಾರನ್ನು ಒಂದು ಮಾತು ಕೇಳಲು ನಾಚಿಕೆ.

ಪೇಟೆಯ ಹಿರಿಯರ ಸಂಶಯವು ಕೇವಲ ಹಟಮಾರಿತನವೆಂದು ತಿಳಿಯುವುದೂ ಸರಿಯಲ್ಲ. ಅಮೆರಿಕದ ಉದ್ಯಮಗಳನ್ನು ಕುರಿತು ನಡೆದು 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಹೊಸ ಸಂಸ್ಥೆಗಳೊಳಗೆ ಸಾವಿರಕ್ಕೊಂದರಂತೆ ಅತಿವೇಗವಾಗಿ ಬೆಳೆದುವನ್ನು ಆರಿಸಿ ನೋಡಿದಾಗ, ಅವನ್ನು ಸ್ಥಾಪಿಸಿದವರ ವಯಸ್ಸು ಸ್ಥಾಪನೆಯ ಕಾಲಕ್ಕೆ ಸರಾಸರಿ 45 ಎಂದು ಕಂಡುಬಂದಿತು. ಹರೆಯದವರೇ ಲೋಕವನ್ನು ಗೆಲ್ಲುತ್ತಾರೆಂಬ ಈಗಿನ ಮಾತಿಗಿಂತ ಬ್ಯಾಡಗಿಯ ಮುದುಕರ ಲೆಕ್ಕವೇ ನಿಜಕ್ಕೆ ಹತ್ತಿರವೆಂದಾಯಿತು. ಅವರು ಹುಡುಗನ ಮೀಸೆಯನ್ನು ನೋಡಿ ಸಂಶಯಪಡುತ್ತಿರಲಿಲ್ಲ. ನಷ್ಟವೊಂದು ಎದುರಾದಾಗ ಇವನು ಏನು ಮಾಡುವನೆಂಬುದು ಗೊತ್ತಿಲ್ಲದುದರಿಂದ ಸಂಶಯಪಡುತ್ತಿದ್ದರು. ಅದು ಅವನಿಗೂ ಗೊತ್ತಿರಲಿಲ್ಲ.

ಗೊತ್ತಾಗುವ ಕಾಲ ಬೇಗನೆ ಬಂದಿತು. 2015ರ ಫೆಬ್ರವರಿಯ ಒಂದು ಟೆಂಡರಿನ ದಿನ ಕಾಕಾ ಮೊಮ್ಮಗನ ಜವಳಕ್ಕೆಂದು ಪರಊರಿಗೆ ಹೋಗಿದ್ದರು. ಅಂದು ಒಳ್ಳೆಯ ಡಬ್ಬಿ ಕಾಯಿಯ ರಾಶಿಗಳು ಹೊರಗಿನ ಒಬ್ಬ ಖರೀದಿದಾರನಿಗೆ ಹೋದುವು. ಸುಮಾರು 7 ಲಕ್ಷ ರೂಪಾಯಿಯ ಮಾಲು. ಸಂಜೆ ಅವನು ಬಂದು ಎದುರಿಗೆ ಕುಳಿತು, ಚಹಾ ಕುಡಿದು, ಎರಡು ತಿಂಗಳ ಉದ್ರಿಯನ್ನು ಕೇಳಿದನು. ತರುಣನು ತಡವರಿಸಿದನು. ಆಗ ಆತನು ನಸುನಕ್ಕು, “ಸಾವಕಾರ್ರ, ಇದನ್ನ ನಿಮ್ಮನ್ನ ಕೇಳಬೇಕೋ, ಇಲ್ಲಾ ನಿಮ್ಮ ಗುಮಾಸ್ತರು ಬರೂತನಕಾ ಕೂಡಬೇಕೋ?” ಎಂದನು. ಅಂಗಡಿಯ ಹೊರಗಿನವರಲ್ಲಿ ತರುಣನನ್ನು ‘ಸಣ್ಣ’ ಎಂಬ ವಿಶೇಷಣವಿಲ್ಲದೆ ಸಾವಕಾರ್ರ ಎಂದು ಮೊತ್ತಮೊದಲು ಕರೆದವನು ಆತನೇ. ಆ ಒಂದು ಮಾತಿನ ಬೆಲೆ 7 ಲಕ್ಷವಾಯಿತು. “ಯಾರನ್ನೂ ಕೇಳೂದು ಬ್ಯಾಡ, ಒಯ್ಯಿರಿ” ಎಂದು ತರುಣನು ಗಂಭೀರವಾಗಿ ನುಡಿದನು. ಲಾರಿ ಕತ್ತಲಾಗುವ ಮೊದಲೇ ಹೊರಟುಹೋಯಿತು.

ಆ ಕಾಯಿಯ ರೈತರು ಆರು ಮಂದಿ. ಮನೆಯಲ್ಲಿಟ್ಟರೆ ಖರ್ಚಾದೀತೆಂದು, ವೈಶಾಖದ ಲಗ್ನಗಳವರೆಗೆ ಹಣವನ್ನು ಅಂಗಡಿಯಲ್ಲಿಯೇ ಬಿಟ್ಟುಹೋಗುವುದು ಅವರಲ್ಲಿ ಅವನ ತಂದೆಯ ಕಾಲದಿಂದ ಬಂದ ರೂಢಿ. ಆದುದರಿಂದ ಕೂಡಲೇ ಯಾರೂ ಕೇಳಲಿಲ್ಲ. ಕಾಕಾ ಹಿಂದಿರುಗಿ ಕೀರ್ದಿಯಲ್ಲಿ ಆ ಬರೆಹವನ್ನು ನೋಡಿ ಒಮ್ಮೆ ತಲೆಯೆತ್ತಿದರು. ತರುಣನು ಬೇರೆ ಕಡೆಗೆ ನೋಡಿದನು. ಅವರು ಏನೂ ಅನ್ನಲಿಲ್ಲ. ಯುಗಾದಿ ಕಳೆಯಿತು. ಎರಡು ತಿಂಗಳು ತುಂಬಿದುವು. ಖರೀದಿದಾರನ ಫೋನು ಮೊದಲು ‘ನಾಳೆ’ ಎಂದಿತು, ತರುವಾಯ ‘ಮುಂದಿನ ವಾರ’ ಎಂದಿತು, ಕಡೆಗೆ ಏನನ್ನೂ ಅನ್ನದಾಯಿತು. ಅಷ್ಟರಲ್ಲಿ ಆ ಆರು ಮಂದಿಯಲ್ಲಿ ಎಲ್ಲರಿಗಿಂತ ಹಿರಿಯನಾದ ಒಬ್ಬ ಮುದುಕನು ಬಂದು, “ತಮ್ಮಾ, ಮೊಮ್ಮಗಳ ಲಗ್ನ ನಿಕ್ಕಿ ಆತು. ಬರೂ ಸೋಮವಾರ ರೊಕ್ಕಕ್ಕ ಬರ್ತೀನಿ” ಎಂದು ತಿಳಿಸಿಹೋದನು.

ಆ ದಿನಗಳಲ್ಲಿ ತರುಣನಿಗೆ ನಿದ್ದೆ ಬರಲಿಲ್ಲ. ಒಂದು ರಾತ್ರಿ ಅವನ ಮನಸ್ಸಿಗೆ ಒಂದು ಉಪಾಯ ಹೊಳೆಯಿತು, ಮತ್ತು ಅದು ಹೊಳೆದೊಡನೆಯೇ ಅವನಿಗೆ ತನ್ನ ಮೇಲೆ ಅಸಹ್ಯವುಂಟಾಯಿತು. ಸೋಮವಾರ ಆ ಮುದುಕನ ಎದುರಿಗೆ ಕೈಮುಗಿದು, “ನಾ ಇನ್ನೂ ಹುಡುಗ, ಅಜ್ಜಾರ, ತಿಳೀಲಾರದ ಮಾಡಿದೆ” ಎಂದರೆ ಸಾಕು, ಆತನು ಕರಗಿದರೂ ಕರಗಿಯಾನು ಎಂಬುದೇ ಆ ಉಪಾಯ. ಎಂಟು ತಿಂಗಳಿಂದ ಯಾವ ಮಾತನ್ನು ತೊಡೆದುಹಾಕಲು ಮೀಸೆ ಬೆಳೆಸಿ ಕನ್ನಡಕ ಧರಿಸಿ ಮೌನವ್ರತವನ್ನು ಹಿಡಿದಿದ್ದನೋ, ಆ ಮಾತಿನ ಮರೆಯನ್ನೇ ಅವನು ಈಗ ಹುಡುಕುತ್ತಿದ್ದನು! ಲಾಭದ ವೇಳೆಗೆ ಸಾವಕಾರ, ನಷ್ಟದ ವೇಳೆಗೆ ಹುಡುಗ; ಇದಕ್ಕಿಂತ ಹೀನವಾದ ಲೆಕ್ಕವು ಯಾವ ದಿವಾಳಿಕೋರನ ಪುಸ್ತಕದಲ್ಲಿ ಇದ್ದೀತು?

ಹಾಗೆ ನೋಡಿದರೆ ಕಾನೂನು ಹುಡುಗರಿಗೆ ಇಂತಹದೊಂದು ಮರೆಯನ್ನು ಕೊಟ್ಟೇ ಇದೆ. 1872ರ ಕರಾರುಗಳ ಕಾಯಿದೆಯಂತೆ ಅಪ್ರಾಪ್ತವಯಸ್ಕನು ಕರಾರಿಗೆ ಅರ್ಹನಲ್ಲ. 1875ರ ಕಾಯಿದೆಯು ಪ್ರಾಪ್ತವಯಸ್ಸನ್ನು 18 ಎಂದು ಗೊತ್ತುಮಾಡಿತು. ಕಲ್ಕತ್ತೆಯ ಒಬ್ಬ ಹುಡುಗನು ಮನೆಯನ್ನು ಅಡವಿಟ್ಟು ಸಾಲಪತ್ರವನ್ನು ಬರೆದುಕೊಟ್ಟಿದ್ದ ಮೊಕದ್ದಮೆಯಲ್ಲಿ, ಅಂತಹ ಪತ್ರಕ್ಕೆ ಬೆಲೆಯೇ ಇಲ್ಲವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು; ಸಾಲ ಕೊಟ್ಟವನು ಬರಿಗೈಯಲ್ಲಿ ಹೋದನು. ಆದರೆ ಆ ಆಶ್ರಯ ಹದಿನೆಂಟಕ್ಕೆ ಮುಗಿಯುತ್ತದೆ. 2013ರ ಕಂಪೆನಿ ಕಾಯಿದೆಯು ದೊಡ್ಡ ಸಂಸ್ಥೆಯ ಆಡಳಿತ ನಿರ್ದೇಶಕನಾಗುವುದಕ್ಕೂ 21 ತುಂಬಿದ್ದರೆ ಸಾಕೆನ್ನುತ್ತದೆ. ಕಾನೂನಿನ ಕಣ್ಣಿಗೆ ಈ ತರುಣನು ಎಂದೋ ದೊಡ್ಡವನಾಗಿದ್ದನು. ತನ್ನ ಕಣ್ಣಿಗೆ ತಾನು ದೊಡ್ಡವನಾಗುವುದೊಂದೇ ಬಾಕಿಯಿದ್ದಿತು.

ಮರುದಿನ ನಸುಕಿನಲ್ಲಿ ಅವನು ಕಾಕಾರ ಮನೆಗೆ ಹೋಗಿ, ಬಾಗಿಲಲ್ಲಿಯೇ ನಿಂತು, ನಡೆದುದೆಲ್ಲವನ್ನೂ ಹೇಳಿದನು. ಅವರು ಕೇಳಿದ ಮೊದಲ ಪ್ರಶ್ನೆ ಅವನು ಎಣಿಸಿದುದಲ್ಲ. “ನನ್ನ ಯಾಕ ಕೇಳಲಿಲ್ಲ?” ಎನ್ನುವರೆಂದು ಅವನು ಹೆದರಿದ್ದನು, ಅವರು, “ಚಹಾ ಕುಡದೇನು?” ಎಂದರು. ಚಹಾ ಆದ ಮೇಲೆ ಇಬ್ಬರೂ ಅಂಗಡಿಗೆ ಹೋದರು. ಕಾಕಾ ಮೇಲಿನ ಹಲಗೆಯಿಂದ ಒಂದು ಹಳೆಯ ಖಾತೆಯ ಪುಸ್ತಕವನ್ನು ಇಳಿಸಿ, ಧೂಳು ಕೊಡವಿ, 1986ರ ಒಂದು ಹಾಳೆಯನ್ನು ತೆರೆದು ಅವನ ಮುಂದಿಟ್ಟರು. ಅಕ್ಷರಗಳು ತಂದೆಯವು. ಒಬ್ಬ ಖರೀದಿದಾರನ ಹೆಸರಿನಲ್ಲಿ ಮುಳುಗಿದ ಒಂದು ಮೊತ್ತ; ಅದರ ಕೆಳಗೆ ರೈತರಿಗೆ ಸಂದಾಯವಾದ ಸಣ್ಣ ಸಣ್ಣ ಕಂತುಗಳು, ಒಂದರ ಕೆಳಗೊಂದು, ಮೂರು ವರ್ಷಗಳವರೆಗೆ. ಆಗ ತಂದೆಯ ವಯಸ್ಸು 24. ಮನೆಯಲ್ಲಿ ಆ ಸಂಗತಿಯನ್ನು ಅವರು ಎಂದೂ ಆಡಿರಲಿಲ್ಲ.

“ನಿಮ್ಮ ಅಪ್ಪಾರೂ ಒಂದ ಕಾಲಕ್ಕ ಸಣ್ಣಾವ್ರ ಇದ್ರು, ತಮ್ಮಾ” ಎಂದರು ಕಾಕಾ. “ಗಾದಿ ಮ್ಯಾಲೆ ಕೂತಕೂಡ್ಲೆ ಯಾರೂ ದೊಡ್ಡಾವ್ರ ಆಗೂದಿಲ್ಲ. ಈ ಹಾಳಿ ತುಂಬೂದ್ರಾಗ ಆದ್ರು.”

ಊರಾಚೆ ತಂದೆ ಕೊಂಡಿಟ್ಟಿದ್ದ ಒಂದು ನಿವೇಶನವಿದ್ದಿತು. ಮಗನ ಮನೆ ಅಲ್ಲಿ ಏಳಬೇಕೆಂಬುದು ಅವರ ಆಸೆಯಾಗಿತ್ತು. ತಾಯಿಯ ಒಪ್ಪಿಗೆಯನ್ನು ಪಡೆದು ಅದನ್ನು ಮಾರಲು ಮಾತಾಯಿತು. ಸೋಮವಾರ ಮುದುಕನು ಬಂದಾಗ ತರುಣನು ಗಾದಿಯಿಂದಿಳಿದು ಆತನ ಎದುರಿಗೆ ಕುಳಿತನು. “ಅಜ್ಜಾರ, ತಪ್ಪು ನಂದು. ನಿಮ್ಮ ರೊಕ್ಕ ನಿಮ್ಮನ್ನ ಕೇಳಲಾರದ ಉದ್ರಿ ಕೊಟ್ಟೆ, ಆ ಮನಶ್ಯಾ ತಿರುಗಿ ಬರಲಿಲ್ಲ. ಇವತ್ತ ಅರ್ಧ ಐತಿ. ಉಳಿದದ್ದು ಅಕ್ಷತಾ ಬೀಳೂದ್ರಾಗ ನಿಮ್ಮ ಮನಿಗೆ ತಂದು ಮುಟ್ಟಸ್ತೀನಿ” ಎಂದನು. ಮುದುಕನು ಕರಗಲಿಲ್ಲ, ಬೆನ್ನು ತಟ್ಟಲೂ ಇಲ್ಲ. ನೋಟುಗಳನ್ನು ಎರಡು ಸಲ ಎಣಿಸಿದನು. ಉಳಿದುದಕ್ಕೆ ಚೀಟಿಯನ್ನು ಬರೆಯಿಸಿಕೊಂಡನು. ಅದನ್ನು ಓದಿಸಿ ಕೇಳಿ, ಮಡಿಚಿ, ರುಮಾಲಿನಲ್ಲಿಟ್ಟುಕೊಂಡು ಎದ್ದುಹೋದನು. ಲಗ್ನಕ್ಕೆ ನಾಲ್ಕು ದಿನ ಮುಂಚಿತವಾಗಿ ತರುಣನು ಆ ಹಳ್ಳಿಗೆ ತಾನೇ ಹೋಗಿ ಹಣವನ್ನು ಕೊಟ್ಟು ಚೀಟಿಯನ್ನು ಮರಳಿ ಪಡೆದನು. ಉಳಿದ ಐವರಿಗೂ ಆಷಾಢದೊಳಗೆ ಸಂದಾಯವಾಯಿತು. ಖರೀದಿದಾರನಿಂದ ಮುಂದೆ ಬಹಳ ದಿನಗಳ ಮೇಲೆ ಬಂದುದು 2 ಲಕ್ಷ ಮಾತ್ರ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಅಂದಿನಿಂದ ಪೇಟೆಯೆಲ್ಲವೂ ಅವನಿಗೆ ತಲೆಬಾಗಿತೆಂದು ಹೇಳಿದರೆ ಕೇಳುವುದಕ್ಕೆ ಇಂಪಾಗುತ್ತಿದ್ದಿತು; ಆದರೆ ಹಾಗಾಗಲಿಲ್ಲ. ಆರು ಮಂದಿಯಲ್ಲಿ ಇಬ್ಬರು ಮರುವರ್ಷ ಬೇರೆ ಅಂಗಡಿಗೆ ಮಾಲು ಹಾಕಿದರು. ಅವರನ್ನು ತಪ್ಪೆನ್ನುವಂತಿಲ್ಲ. ಆದರೆ ಅಂಗಡಿಯಲ್ಲಿ ಒಂದು ಹೊಸ ಪದ್ಧತಿ ಬಂದಿತು. ಉದ್ರಿಯ ಮಾತು ಬಂದಾಗಲೆಲ್ಲ ತರುಣನು ಖರೀದಿದಾರನ ಎದುರಿನಲ್ಲಿಯೇ ತಿರುಗಿ, “ಕಾಕಾ, ಇವರ ಹಿಂದಿನ ವ್ಯವಹಾರ ಹ್ಯಾಂಗೈತಿ?” ಎಂದು ಗಟ್ಟಿಯಾಗಿ ಕೇಳತೊಡಗಿದನು. ಒಳ್ಳೆಯ ವ್ಯಾಪಾರಿಗಳು ಅದರಿಂದ ಅವನನ್ನು ಹುಡುಗನೆನ್ನಲಿಲ್ಲ. ಇದು ಜಾಗರೂಕರ ಅಂಗಡಿಯೆಂದರು. ಕಾಯಿಯನ್ನು ಮುಷ್ಟಿಯಲ್ಲಿ ಹಿಡಿಯುವ ವಿದ್ಯೆಯನ್ನು ಅವನು ಹಮಾಲರಲ್ಲಿ ಹಿರಿಯನಾದವನಿಂದ ಕಲಿತನು: ಒಣಗಿದ ಕಾಯಿಯನ್ನು ಅಲುಗಿಸಿದರೆ ಬೀಜ ಒಳಗೆ ಸದ್ದು ಮಾಡುತ್ತದೆ, ತೇವವಿದ್ದುದು ಸದ್ದಿಲ್ಲದೆ ಬಾಗುತ್ತದೆ. ಕನ್ನಡಕವು ಮೇಜಿನ ಒಳಗೆ ಎಲ್ಲಿಯೋ ಸೇರಿತು.

ವಯಸ್ಸಿನ ಚಿಂತೆಗೆ ವಯಸ್ಸಾಗುವುದೇ ಮದ್ದೆಂದು ಲೋಕವು ಹೇಳುತ್ತದೆ. ಆ ಮದ್ದು ಎಲ್ಲರಿಗೂ ತಾನಾಗಿಯೇ ದೊರೆಯುವಂಥದು. ಆದರೆ ಬರಿಯ ವರ್ಷಗಳಿಂದ ಗುಣವಾಗದವರೂ ಎಷ್ಟೋ ಮಂದಿ ಇದ್ದಾರೆ. ನಲವತ್ತಾದರೂ ತಮಗೆ ತಿಳಿಯದುದನ್ನು ಬಚ್ಚಿಡುವವರು, ಅರುವತ್ತಾದರೂ ತಪ್ಪನ್ನು ಇನ್ನೊಬ್ಬರ ಹೆಸರಿಗೆ ಬರೆಯುವವರು ಯಾವ ಪೇಟೆಯಲ್ಲಿ ಇಲ್ಲ? ಎಳೆಯ ಯಜಮಾನನನ್ನು ಕಾಡುವ ಭಯವು ತಾನು ಚಿಕ್ಕವನೆಂಬುದಲ್ಲ. ತನಗೆ ತಿಳಿಯದೆಂಬುದು ಹೊರಬಿದ್ದೀತೆಂಬುದು. ಅದನ್ನು ತಾನೇ ಹೊರಗಿಟ್ಟವನಿಗೆ ಹೆದರುವುದಕ್ಕೆ ಬೇರೇನು ಉಳಿದೀತು?

ಮರುವರ್ಷದ ಸುಗ್ಗಿಯಲ್ಲಿ ಆ ಮುದುಕನು ತನ್ನ ಮಾಲನ್ನು ಹಿಂದಿನ ಅಂಗಡಿಗೇ ತಂದನು. ಚೀಲಗಳನ್ನು ಇಳಿಸಿ, ಕಟ್ಟೆಯ ಮೇಲೆ ಕುಳಿತು, ಎಲೆಯಡಿಕೆಯ ಚೀಲವನ್ನು ಬಿಚ್ಚುತ್ತ, “ತಮ್ಮಾ, ಈ ಸಲ ಕಾಯಿ ಚೊಲೋ ಬಂದೈತಿ, ಬಂದು ನೋಡು” ಎಂದು ಕೂಗಿದನು. ಸಣ್ಣ ಸಾವಕಾರನು “ಬಂದೆ, ಅಜ್ಜಾರ” ಎಂದು ಗಾದಿಯಿಂದಿಳಿದು ಹೋಗಿ, ಒಂದು ಕಾಯಿಯನ್ನೆತ್ತಿ ಕಿವಿಯ ಹತ್ತಿರ ಅಲುಗಿಸಿದನು.